ರಸ್ತೆ ಪಕ್ಕದ ಖಣಿ ಹೊಂಡದಲ್ಲಿ ಕೊರವ ಮೀನು ಉಳಿಸೋದು ಹೇಗೆ? ಶಹಾಬಾದ್, ವಾಡಿ, ಚಿತ್ತಾಪುರ ಕಡೆಯವರು ಬರೆಯಿರಿ

ಕಾಗಿಣಾ ದಂಡೆ, ಶಹಾಬಾದ್

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಫರ್ಸಿ ಕಲ್ಲು ತೆಗೆದು ಬಿಟ್ಟ ಖಣಿಗಳು ಎಷ್ಟಿವೆ ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ. ಕೆಲಸ ನಿಂತ ಮೇಲೆ ಮಳೆ ನೀರು, ಬಸಿ ನೀರು ತುಂಬಿಕೊಂಡು ಹೊಂಡ ಆಗಿವೆ. ಕೆಲವು ಬೇಸಿಗೆಯಲ್ಲೂ ಬತ್ತುವುದಿಲ್ಲ. ಯಾರೋ ಯಾವಾಗಲೋ ಮೀನು ಬಿಟ್ಟಿದ್ದಾರೆ. ಈಗ ಅವುಗಳಲ್ಲಿ ಕೊರವ (ಇಂಗ್ಲಿಷಿನ ಮುರೆಲ್, ಹಾವಿನಂಥ ತಲೆಯ ಮೀನು), ಜಿಲೇಬಿ (ತಿಲಾಪಿಯಾ ಮೀನು), ಅಲ್ಲಲ್ಲಿ ರೋಹು ಇವೆ.

ನಮ್ಮೂರ ಹತ್ತಿರ ಇಂಥ ಎರಡು ಹೊಂಡ ಇವೆ. ಹೆಸರು ಬೇಕಂತಲೇ ಬರೆಯುತ್ತಿಲ್ಲ. ಒಂದು ಡಾಂಬರು ರಸ್ತೆಗೆ ಹತ್ತಿಕೊಂಡೇ ಇದೆ, ಬೈಕು ನೀರಿನ ಅಂಚಿನವರೆಗೂ ಹೋಗುತ್ತದೆ. ಇನ್ನೊಂದಕ್ಕೆ ತೊಗರಿ ಹೊಲ ದಾಟಿ, ಕಲ್ಲಿನ ಗುಡ್ಡೆ ಹತ್ತಿ ಇಳಿಯಬೇಕು. ಎರಡೂ ಒಂದೇ ಕಾಲದಲ್ಲಿ ತೋಡಿದವು. ನೀರು ಒಂದೇ, ಕಲ್ಲು ಒಂದೇ. ಒಳಗಿನ ಹೊಂಡದ ದಂಡೆಯಲ್ಲಿ ಬೆಳಿಗ್ಗೆ ಸುಮ್ನೆ ಕೂತರೆ ಕೊರವ ಮೇಲೆ ಬಂದು ಗಾಳಿ ಕುಡಿದು ಹೋಗುವುದು ಕಾಣುತ್ತಲೇ ಇರುತ್ತದೆ. ರಸ್ತೆ ಪಕ್ಕದ್ದರಲ್ಲಿ ಈಗ ಅದು ಕಾಣುವುದೇ ಅಪರೂಪ. ಸಿಕ್ಕರೂ ಅಂಗೈ ಉದ್ದದ್ದು.

ಹೋದ ಮಳೆಗಾಲದಲ್ಲಿ ಈ ರಸ್ತೆ ಪಕ್ಕದ ಹೊಂಡದಲ್ಲೇ ಒಂದು ಮರಿ ಹಿಂಡು ನೋಡಿದೆ. ಜೊಂಡು ಬೆಳೆದ ಮೂಲೆ ಅದು. ತಟ್ಟೆಯಗಲ ಜಾಗದಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. ಹತ್ತಿರ ಬಗ್ಗಿದರೆ ಕೆಂಪು ಕಿತ್ತಳೆ ಬಣ್ಣದ ಸಣ್ಣ ಮರಿಗಳು. ಎಲ್ಲವೂ ಒಟ್ಟಿಗೆ ಮೇಲೆ ಬರುತ್ತವೆ, ಒಟ್ಟಿಗೆ ಇಳಿಯುತ್ತವೆ. ಅವುಗಳ ಕೆಳಗೆ ಕಪ್ಪಗೆ ದೊಡ್ಡ ಕೊರವ ನಿಂತಿತ್ತು. ನನ್ನ ನೆರಳು ಬಿದ್ದರೂ ಅದು ಕದಲಲಿಲ್ಲ. ಒಂದು ಕಪ್ಪೆ ಹತ್ತಿರ ಬಂದಾಗ ಮಾತ್ರ ನುಗ್ಗಿ ಓಡಿಸಿತು.

ಅದೇ ವಾರ ನಾಲ್ಕೈದು ಹುಡುಗರು ಗಾಳಕ್ಕೆ ರಬ್ಬರ್ ಕಪ್ಪೆ ಕಟ್ಟಿಕೊಂಡು ಬಂದು, ಮರಿ ಹಿಂಡಿನ ಮೇಲೆಯೇ ಎಸೆದು, ಆ ದೊಡ್ಡ ಮೀನನ್ನೂ ಅದರ ಜೋಡಿಯನ್ನೂ ತೆಗೆದರು. ವಿಡಿಯೋ ಹಾಕಿದರು, ಜಾಗದ ಗುರುತೂ ಹಾಕಿದರು. ಆ ಮೇಲಿನ ಭಾನುವಾರ ದಂಡೆ ತುಂಬ ಬೈಕು. ಮರಿಗಳು ಚೆಲ್ಲಾಪಿಲ್ಲಿಯಾಗಿ ಜಿಲೇಬಿ ಮೀನಿಗೂ ನೀರುಹಾವಿಗೂ ಆಹಾರವಾದವು.

ನನ್ನ ಮಾತು ಇಷ್ಟೇ. ಕೆರೆಗೆ ಹಳ್ಳ ಸೇರುತ್ತದೆ, ಪ್ರವಾಹ ಬಂದಾಗ ಹೊಸ ಮೀನು ಬರುತ್ತವೆ. ಖಣಿ ಹೊಂಡಕ್ಕೆ ಎಲ್ಲಿಂದಲೂ ಏನೂ ಬರುವುದಿಲ್ಲ. ಅಲ್ಲಿ ಹುಟ್ಟಿದ್ದು ಮಾತ್ರ ಅಲ್ಲಿನ ಮೀನು. ಮರಿ ಕಾಯುವ ಜೋಡಿಯನ್ನು ಹಿಡಿದರೆ ಆ ವರ್ಷದ ಪೀಳಿಗೆ ಪೂರ್ತಿ ಹೋಯಿತು. ಇದಕ್ಕೆ ಏನು ಮಾಡಬಹುದು?

ಭಾನುವಾರದ ಗಾಳ, ಕಲಬುರಗಿ

ಅಣ್ಣಾ, ಒಳ್ಳೆ ವಿಷಯ ಎತ್ತಿದ್ದೀರಿ. ನಾನೂ ರಾಡ್ (ರೀಲ್ ಇರುವ ಗಾಳದ ಕೋಲು) ಹಿಡಿಯುವವನು. ಹಿಡಿದು ಬಿಡುವವರ ಪೈಕಿ. ಕಾವೇರಿ ಕಡೆ ಮಹಶೀರ್ ಹಿಡಿಯುವವರು ಇದನ್ನು ವರ್ಷಗಟ್ಟಲೆ ಮಾಡಿದ್ದಾರೆ. ತೂಕ ನೋಡಿ, ಫೋಟೋ ತೆಗೆದು, ನೀರಿಗೆ ಬಿಡುವುದು. ನಮ್ಮ ಹೊಂಡಗಳಲ್ಲೂ ಇದನ್ನೇ ಕಡ್ಡಾಯ ಮಾಡಿದರೆ ಆಗಲ್ವಾ?

ಒಂದು ವಿಷಯ ಮಾತ್ರ ಎಲ್ಲರೂ ಗಮನಿಸಿ. ಬೇಸಿಗೆಯಲ್ಲಿ ನಮ್ಮ ಫರ್ಸಿ ಕಲ್ಲಿನ ಮೇಲೆ ಬರಿಗಾಲು ಇಡಲು ಆಗುವುದಿಲ್ಲ. ಜನ ಮೀನನ್ನು ಅದೇ ಕಲ್ಲಿನ ಮೇಲೆ ಮಲಗಿಸಿ ಫೋಟೋ ತೆಗೆಯುತ್ತಾರೆ. ಮೈಮೇಲಿನ ಲೋಳೆ ಕಲ್ಲಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ಆಮೇಲೆ ನೀರಿಗೆ ಬಿಟ್ಟರೂ ಆ ಜಾಗಕ್ಕೆ ಬೂಷ್ಟು ಹಿಡಿದು ಸಾಯುತ್ತದೆ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ನೀರಿನಲ್ಲೇ ಗಾಳ ಬಿಡಿಸಿ. ಗಾಳದ ಒಳಮುಳ್ಳನ್ನು ಪಕ್ಕಡದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ ಬಿಡಿಸುವುದು ಒಂದು ಕ್ಷಣದ ಕೆಲಸ. ಮೂರು ಮೊನೆಯ ಗಾಳ ಬೇಡವೇ ಬೇಡ, ಬಾಯಿ ಹರಿದು ಹೋಗುತ್ತದೆ.

ಬಲೆ ಮನೆತನ, ಚಿತ್ತಾಪುರ

ತಮ್ಮಾ, ನಿಮ್ಮ ಕಾಳಜಿ ಸರಿ. ಆದರೆ ಹಿಡಿದು ಬಿಡುವುದನ್ನು ಕಡ್ಡಾಯ ಮಾಡಿ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ನಮ್ಮದು ತಲೆತಲಾಂತರದಿಂದ ಮೀನು ಹಿಡಿಯುವ ಮನೆತನ. ಅಂಬಿಗರ ಚೌಡಯ್ಯನ ಹೆಸರು ಹೇಳಿಕೊಂಡು ನೀರಿಗೆ ಇಳಿಯುವವರು. ನಮಗೆ ಮೀನು ಅಂದರೆ ಫೋಟೋ ಅಲ್ಲ, ರಾತ್ರಿ ರೊಟ್ಟಿ ಜೊತೆ ಸಾರು. ಖಣಿ ಕೆಲಸ ನಿಂತ ಮೇಲೆ ಕೂಲಿ ಹೋದ ಮನೆಗಳು ಎಷ್ಟಿವೆ ಗೊತ್ತಾ? ಅವರ ಮಕ್ಕಳು ಒಂದು ದಾರಕ್ಕೆ ಗಾಳ ಕಟ್ಟಿ, ಎರೆಹುಳು ಚುಚ್ಚಿ, ಸಂಜೆಯವರೆಗೆ ಕೂತು ನಾಲ್ಕು ಜಿಲೇಬಿ ಮೀನು ಒಯ್ಯುತ್ತಾರೆ. ಅವರಿಗೆ "ಬಿಟ್ಟು ಬಿಡು" ಅಂತ ಯಾವ ಬಾಯಿಂದ ಹೇಳುವುದು?

ಹೊಂಡ ಖಾಲಿ ಮಾಡಿದ್ದು ಅವರಲ್ಲ. ದೂರದಿಂದ ಗಾಡಿ ಮಾಡಿಕೊಂಡು ಬಂದು, ಐಸ್ ಡಬ್ಬಿ ತುಂಬಿಕೊಂಡು ಹೋಗುವವರು ಮಾಡಿದ್ದು. ಸಂಜೆ ನೈಲಾನ್ ಬಲೆ ಕಟ್ಟಿ ಬೆಳಿಗ್ಗೆ ಎತ್ತುವವರು ಮಾಡಿದ್ದು. ಇನ್ನು ಕರೆಂಟ್ ಹಾಕುವವರ ಬಗ್ಗೆ ಬಾಯಿ ಬಿಡುವುದೇ ಬೇಡ. ನಿಯಮ ಮಾಡುವುದಾದರೆ ಮೊದಲು ಅವರಿಗೆ ಮಾಡಿ. ನಮ್ಮ ಹಿರಿಯರು ಮರಿ ಇರುವ ಕೊರವ ಹಿಡಿಯುತ್ತಿರಲಿಲ್ಲ. ಈಟಿ ಎತ್ತಿದವನು ಕೆಂಪು ಮರಿ ಕಂಡರೆ ಈಟಿ ಇಳಿಸುತ್ತಿದ್ದ. ಇದನ್ನು ಯಾವ ಇಲಾಖೆಯೂ ನಮಗೆ ಹೇಳಿಕೊಟ್ಟಿದ್ದಲ್ಲ.

ಕಾಗಿಣಾ ದಂಡೆ

ಕಾಕಾ, ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಹೊಟ್ಟೆಗೆ ಹಿಡಿಯುವವರನ್ನು ತಡೆಯುವ ಮಾತು ನನ್ನದಲ್ಲ. ಆ ಈಟಿ ಇಳಿಸುವ ಪದ್ಧತಿ ಇತ್ತಲ್ಲ, ಅದೇ ನನಗೆ ಬೇಕಾಗಿರುವುದು. ಹೊಸದಾಗಿ ಬಂದ ರಾಡ್ ಹುಡುಗರಿಗೆ ಅದು ಗೊತ್ತಿಲ್ಲ. ಮರಿ ಹಿಂಡು ಕಂಡರೆ "ಇಲ್ಲಿ ದೊಡ್ಡದು ಇದೆ" ಅಂತ ಅವರಿಗೆ ಖುಷಿ.

ನೀರಗಂಟಿ, ಕಲಬುರಗಿ

ನಾನು ಒಳನಾಡು ಮೀನುಗಾರಿಕೆ ಕೆಲಸದಲ್ಲಿದ್ದು ನಿವೃತ್ತನಾದವನು. ಕೊರವದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆ ಈ ಮೀನಿಗೆ ಬೇರೆ ಲೆಕ್ಕ ಬೇಕು ಅಂತ ಗೊತ್ತಾಗುತ್ತದೆ.

ರೋಹು, ಕಾಟ್ಲಾ, ಮೃಗಾಲ್ ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ನದಿ ಬೇಕು. ಹೊಂಡದಲ್ಲಿರುವ ರೋಹು ಯಾರೋ ಬಿಟ್ಟದ್ದೇ. ಅದನ್ನು ಹಿಡಿದರೆ ಮುಂದಿನ ಪೀಳಿಗೆಗೆ ನಷ್ಟವೇನಿಲ್ಲ, ಮತ್ತೆ ಮರಿ ಬಿಟ್ಟರಾಯಿತು. ಕೊರವ ಹಾಗಲ್ಲ. ಅದು ಹೊಂಡದಲ್ಲೇ ಸಂಸಾರ ಮಾಡುವ ಮೀನು. ಗಂಡು ಹೆಣ್ಣು ಜೋಡಿಯಾಗಿ, ಅಂಚಿನ ಜೊಂಡಿನ ನಡುವೆ ಗಿಡಗಂಟಿ ಸರಿಸಿ ದುಂಡಗೆ ಜಾಗ ಮಾಡುತ್ತವೆ. ಮೊಟ್ಟೆ ನೀರಿನ ಮೇಲೆ ತೇಲುತ್ತವೆ, ಒಂದೆರಡು ದಿನದಲ್ಲಿ ಮರಿ ಬರುತ್ತವೆ. ಆಮೇಲೆ ಹಲವು ವಾರ ಕಾವಲು. ಈ ಕಾವಲಿನಲ್ಲಿ ಗಂಡಿನ ಪಾಲು ದೊಡ್ಡದು.

ಒಂದು ಕಿಲೋ ತೂಕದ ರೋಹು ಎರಡು ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಇಟ್ಟು ಬಿಟ್ಟು ಹೋಗುತ್ತದೆ. ಕೊರವ ಒಮ್ಮೆಗೆ ಇಡುವುದು ಸಾವಿರಗಳ ಲೆಕ್ಕದಲ್ಲಿ. ಮೊಟ್ಟೆ ಕಡಿಮೆ, ಕಾವಲು ಜಾಸ್ತಿ. ಕಾವಲುಗಾರನನ್ನು ತೆಗೆದರೆ ಆ ಲೆಕ್ಕವೇ ಬುಡಮೇಲು.

ಇನ್ನೊಂದು ಸಂಗತಿ. ಕೊರವ ಗಾಳಿ ಕುಡಿಯುವ ಮೀನು. ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ಅದಕ್ಕಂತಲೇ ಒಂದು ಅಂಗ ಇದೆ. ಬೇಸಿಗೆಯಲ್ಲಿ ಬೇರೆ ಮೀನು ಸಾಯುವಂಥ ಕೆಟ್ಟ ನೀರಿನಲ್ಲೂ ಇದು ಬದುಕುವುದು ಅದರಿಂದಲೇ. ಆದರೆ ಅದೇ ಅದಕ್ಕೆ ಕುತ್ತು ಕೂಡ. ರಾತ್ರಿ ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಬೆಳಿಗ್ಗೆ ಬಲೆ ಎತ್ತಿ "ಸಣ್ಣದನ್ನು ಬಿಡೋಣ" ಅಂದರೆ ಬಿಡಲು ಏನೂ ಉಳಿದಿರುವುದಿಲ್ಲ. ಗಾಳದಲ್ಲಾದರೆ ಆರಿಸಿ ಬಿಡಬಹುದು. ಹಾಗಾಗಿ ಖಣಿ ಹೊಂಡದಲ್ಲಿ ರಾತ್ರಿ ಬಲೆ ಬೇಡ ಅನ್ನುವುದು ನನ್ನ ಮೊದಲ ಸಲಹೆ.

ಎರಡನೆಯದು ಜಾಗದ ವಿಷಯ. ಕೆರೆಗೆ ಇಳಿಜಾರು ದಂಡೆ ಇರುತ್ತದೆ, ಎಲ್ಲೆಡೆ ಜೊಂಡು ಬೆಳೆಯುತ್ತದೆ. ಖಣಿಯ ಗೋಡೆ ನೆಟ್ಟಗೆ. ಮೊಣಕಾಲುದ್ದದ ನೀರು, ಗಿಡ ಇರುವ ಜಾಗ ಅಂದರೆ ಲಾರಿ ಇಳಿಯಲು ಮಾಡಿದ್ದ ಹಳೆ ದಾರಿಯ ಕಡೆ ಮಾತ್ರ. ಜನ ಬೈಕು ನಿಲ್ಲಿಸಿ ಇಳಿಯುವುದೂ ಅಲ್ಲೇ. ಮೀನಿಗೆ ಬಾಣಂತಿ ಕೋಣೆ ಯಾವುದೋ ಜನರಿಗೆ ಅದೇ ಬಾಗಿಲು. ರಸ್ತೆ ಪಕ್ಕದ ಹೊಂಡ ಇಷ್ಟು ಬೇಗ ಬರಿದಾಗಲು ಇದೊಂದು ದೊಡ್ಡ ಕಾರಣ.

ಹೊಸ ರೀಲ್, ಸೇಡಂ

ಸರ್, ಒಂದು ಪ್ರಶ್ನೆ. ಕೊರವ ಕಡಿಮೆಯಾಗಿದ್ದರೆ ಬೇರೆ ಆಟದ ಮೀನು ತಂದು ಬಿಡಬಹುದಾ? ಯೂಟ್ಯೂಬಿನಲ್ಲಿ ಟ್ರೌಟ್ ಹಿಡಿಯುವುದು ನೋಡುತ್ತಿರುತ್ತೇನೆ. ನಮ್ಮ ಖಣಿ ನೀರೂ ತಿಳಿಯಾಗಿಯೇ ಇದೆಯಲ್ಲ.

ನೀರಗಂಟಿ

ಇಲ್ಲಪ್ಪ, ಟ್ರೌಟ್ ಇಲ್ಲಿ ಒಂದು ಬೇಸಿಗೆಯೂ ಬದುಕುವುದಿಲ್ಲ. ಅದಕ್ಕೆ ನೀರು 20 ಡಿಗ್ರಿಗಿಂತ ತಣ್ಣಗಿರಬೇಕು, ಉಸಿರಾಡಲು ಪ್ರಾಣವಾಯು ತುಂಬಿದ ಹರಿಯುವ ನೀರು ಬೇಕು. ಕಲಬುರಗಿಯ ಮೇ ತಿಂಗಳು ನಿಮಗೇ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ನಮ್ಮ ದೇಶದಲ್ಲೂ ಟ್ರೌಟ್ ಹೊರಗಿನಿಂದ ಬಂದದ್ದು. ಬ್ರಿಟಿಷರು ಸುಮಾರು 1900ರ ಹೊತ್ತಿಗೆ ಕಾಶ್ಮೀರಕ್ಕೆ ಮೊಟ್ಟೆ ತಂದು ಮರಿ ಮಾಡಿಸಿದರು. ಆಮೇಲೆ ಹಿಮಾಚಲ, ನೀಲಗಿರಿ, ಮುನ್ನಾರ್ ಕಡೆಯ ತಣ್ಣನೆಯ ನೀರಿನಲ್ಲಿ ನೆಲೆಯಾಯಿತು.

ಹೊರಗಿನ ಮೀನು ಬಿಡುವ ಆಲೋಚನೆಯೇ ಬೇಡ. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಸಾಕುವುದೇ ನಿಷೇಧ. ಅದು ಹೊಂಡಕ್ಕೆ ಬಿದ್ದರೆ ಕೊರವದ ಮರಿ ಒಂದೂ ಉಳಿಯುವುದಿಲ್ಲ.

ಭಾನುವಾರದ ಗಾಳ

ಟ್ರೌಟ್ ಮಾತು ಬಂತು ಅಂತ ಹೇಳುತ್ತೇನೆ. ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿದ್ದೆ. ಅಲ್ಲಿ ರಸ್ತೆ ನದಿಯ ಪಕ್ಕದಲ್ಲೇ ಓಡುತ್ತದೆ. ಕಾರು ನಿಲ್ಲಿಸಿದರೆ ನೀರು ಸಿಕ್ಕಿತು, ಅಷ್ಟು ಹತ್ತಿರ. ಆದರೂ ಮೀನು ಇವೆ. ಯಾಕೆ ಅಂದರೆ ಲೈಸೆನ್ಸ್ ಇಲ್ಲದೆ ಗಾಳ ಹಾಕುವಂತಿಲ್ಲ. ದಿನಕ್ಕೆ ಇಷ್ಟೇ ಮೀನು ಅಂತ ಮಿತಿ. ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಪೂರ್ತಿ ಬಂದ್, ಅದು ಟ್ರೌಟ್ ಮೊಟ್ಟೆ ಇಡುವ ಕಾಲ. ಇಷ್ಟಾಗಿಯೂ ಅಲ್ಲಿನ ಹೋಮ್‌ಸ್ಟೇ ಮಾಲೀಕರು ಹೇಳಿದ್ದು ಒಂದೇ ಮಾತು: ಸೇತುವೆ ಹತ್ತಿರದ ಮಡುವಿನಲ್ಲಿ ಸಣ್ಣವೇ ಸಿಗುತ್ತವೆ, ದೊಡ್ಡದು ಬೇಕಾದರೆ ನಡೆಯಬೇಕು.

ಹೊರದೇಶಗಳಲ್ಲಿ ಇನ್ನೊಂದು ಉಪಾಯ ಇದೆ. ಊರ ಹತ್ತಿರದ, ಮಕ್ಕಳು ಮುದುಕರೂ ಹೋಗಬಹುದಾದ ಹೊಂಡಕ್ಕೆ ಸಾಕಿದ ಟ್ರೌಟ್ ತಂದು ಬಿಡುತ್ತಾರೆ. ಅದನ್ನು ಹಿಡಿದು ತಿನ್ನಲಿ ಅಂತಲೇ ಬಿಡುವುದು. ತಾನಾಗಿ ಹುಟ್ಟಿ ಬೆಳೆದ ಮೀನಿರುವ ನೀರಿಗೆ ಬಿಗಿ ನಿಯಮ. ನಾವೂ ಹಾಗೆ ಮಾಡಬಹುದಲ್ವಾ? ರಸ್ತೆ ಪಕ್ಕದ ಹೊಂಡಕ್ಕೆ ರೋಹು, ಕಾಟ್ಲಾ ಮರಿ ಬಿಡೋಣ. ಜನ ಅದನ್ನು ಹಿಡಿಯಲಿ, ತಿನ್ನಲಿ. ಕೊರವಕ್ಕೆ ಮಾತ್ರ ಉಸಿರಾಡಲು ಬಿಡೋಣ.

ಕೆರೆ ಟೆಂಡರ್, ಯಾದಗಿರಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಾವು ಸಹಕಾರ ಸಂಘದವರು. ಹಣ ಕಟ್ಟಿ ಕೆರೆ ಗುತ್ತಿಗೆ ತಗೊಂಡವರು. ಹತ್ತಿಕುಣಿ ಕಡೆ, ಶಹಾಪುರ ಕಡೆ ಯಾರನ್ನೇ ಕೇಳಿ, ಗುತ್ತಿಗೆದಾರರಿಗೆ ಕೊರವ ಅಂದರೆ ತಲೆನೋವು. ಸಾಲ ಮಾಡಿ ರೋಹು ಮರಿ ಬಿಡುತ್ತೇವೆ, ಕೊರವ ತಿಂದು ಹಾಕುತ್ತದೆ. ನೀವು ಕೊರವ ಉಳಿಸಿ, ರೋಹು ಮರಿಯನ್ನೂ ಬಿಡಿ ಅಂತ ಹೇಳುತ್ತಿದ್ದೀರಿ. ಒಂದೇ ಹೊಂಡದಲ್ಲಿ ಎರಡೂ ಹೇಗೆ ಆಗುತ್ತದೆ?

ಇನ್ನೊಂದು ಮಾತು. ಗುತ್ತಿಗೆ ಕೆರೆಯಲ್ಲಿ ಹೊರಗಿನವರು ರಾಡ್ ಹಾಕುವುದಕ್ಕೆ ಅವಕಾಶ ಇಲ್ಲ. ಅದು ನಮ್ಮ ಹಕ್ಕು. ಭಾನುವಾರ ಬಂದು "ಆಟಕ್ಕೆ ಹಿಡಿಯುತ್ತಿದ್ದೇವೆ, ಬಿಡುತ್ತೇವೆ" ಅಂತಾರೆ. ಚೀಲ ಬಿಚ್ಚಿಸಿದರೆ ಎರಡು ಕಿಲೋ ಕಾಟ್ಲಾ ಇರುತ್ತದೆ. ಖಣಿ ಹೊಂಡ ಕಟ್ಟುನಿಟ್ಟು ಮಾಡಿದರೆ ಆ ಗುಂಪು ನಮ್ಮ ಕೆರೆಗೇ ಬರುತ್ತದೆ. ಅದನ್ನೂ ಯೋಚನೆ ಮಾಡಿ.

ನೀರಗಂಟಿ

ಟೆಂಡರ್ ಅಣ್ಣಾರ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮರಿಯ ಗಾತ್ರದಲ್ಲಿದೆ. ಕಣ್ಣರೆಪ್ಪೆಯಷ್ಟು ಸಣ್ಣ ಮರಿ ಬಿಟ್ಟರೆ ಕೊರವ ಅಷ್ಟೇ ಅಲ್ಲ, ಎಲ್ಲವೂ ತಿನ್ನುತ್ತವೆ. ಜಲಾಶಯಗಳಿಗೆ 100 ಮಿಲಿಮೀಟರ್, ಅಂದರೆ ನಾಲ್ಕು ಇಂಚು ದಾಟಿದ ಬಲಿತ ಮರಿ ಬಿಡಿ ಅಂತ ಹೇಳುವುದು ಅದಕ್ಕೇ. ಆ ಗಾತ್ರದ ಮರಿಗೆ ಬೆಲೆ ಜಾಸ್ತಿ, ನಿಜ. ಆದರೆ ಸಾವಿರ ಸಣ್ಣ ಮರಿ ಬಿಟ್ಟು ನೂರು ಉಳಿಸಿಕೊಳ್ಳುವುದಕ್ಕಿಂತ ಮುನ್ನೂರು ಬಲಿತ ಮರಿ ಬಿಡುವುದು ಲೇಸು. ಮತ್ತೆ, ಜಿಲೇಬಿ ಮೀನು ತುಂಬಿ ತುಳುಕುವ ಹೊಂಡದಲ್ಲಿ ಕೊರವ ಇದ್ದರೆ ಅದರ ಮರಿ ತಿಂದು ಹದ್ದುಬಸ್ತಿನಲ್ಲಿಡುತ್ತದೆ. ಕೊರವ ಹೋದ ಹೊಂಡಗಳಲ್ಲಿ ಜಿಲೇಬಿ ಬೆರಳುದ್ದಕ್ಕೇ ನಿಂತು ಹೋಗುವುದನ್ನು ನೀವೇ ನೋಡಿರುತ್ತೀರಿ.

ಆದರೂ ಗುತ್ತಿಗೆ ಕೆರೆಗೆ ಈ ಚರ್ಚೆ ಅನ್ವಯ ಮಾಡುವುದು ಬೇಡ ಅಂತ ನನ್ನ ಅಭಿಪ್ರಾಯ. ಅಲ್ಲಿನ ಲೆಕ್ಕವೇ ಬೇರೆ.

ಮೀನು ಮಾರೋ ಅಕ್ಕ, ಕಲಬುರಗಿ

ಎಲ್ಲರೂ ಹಿಡಿಯುವವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೊಳ್ಳುವವರ ಬಗ್ಗೆಯೂ ಕೇಳಿ.

ನಾನು ಮೀನು ಮಾರುವವಳು. ಕೊರವಕ್ಕೆ ರೋಹುಗಿಂತ ಯಾವಾಗಲೂ ಬೆಲೆ ಜಾಸ್ತಿ. ಮುಳ್ಳು ಕಡಿಮೆ, ಬಾಣಂತಿಯರಿಗೆ, ಆಪರೇಷನ್ ಆದವರಿಗೆ ಒಳ್ಳೆಯದು ಅಂತ ಜನ ಹುಡುಕಿಕೊಂಡು ಬರುತ್ತಾರೆ. ಗಾಳಿ ಕುಡಿಯುವ ಮೀನಾದ್ದರಿಂದ ಟಬ್ಬಿನಲ್ಲಿ ಒಂದಿಷ್ಟು ನೀರಿದ್ದರೆ ಜೀವಂತ ಇರುತ್ತದೆ. ಗಿರಾಕಿ ಎದುರಿಗೇ ಒದ್ದಾಡಬೇಕು, ಆಗಲೇ ಬೆಲೆ. ತೆಲಂಗಾಣದಲ್ಲಂತೂ ಅದು ರಾಜ್ಯದ ಮೀನು, ಅಲ್ಲಿನ ವ್ಯಾಪಾರಿಗಳು ಎಷ್ಟಿದ್ದರೂ ಒಯ್ಯುತ್ತಾರೆ.

ಇನ್ನು ಮಿರಗದ ದಿನ. ಮೃಗಶಿರ ಮಳೆ ಹೂಡುವ ದಿನ ಮೀನು ತಿನ್ನಬೇಕು ಅಂತ ಹೈದರಾಬಾದ್ ಕಡೆ ಇರುವ ಪದ್ಧತಿ ನಮ್ಮಲ್ಲೂ ಇದೆ. ಜೂನ್ 7, 8ರ ಸುಮಾರಿಗೆ ಬರುತ್ತದೆ. ಆ ದಿನ ಬುಟ್ಟಿ ಇಳಿಸಲು ಪುರುಸೊತ್ತಿಲ್ಲ. ಅದೇ ಹೊತ್ತಿಗೆ ಮೊದಲ ಮಳೆ ಬಿದ್ದು ಕೊರವ ಅಂಚಿಗೆ ಬಂದಿರುತ್ತದೆ. ಹೊಟ್ಟೆ ಸೀಳಿದರೆ ಹಳದಿ ಮೊಟ್ಟೆ ಗೊಂಚಲು. ನನಗೇ ಕೈ ನಡುಗುತ್ತದೆ. ಮೊಟ್ಟೆ ಇರುವ ಮೀನೇ ಬೇಕು ಅಂತ ಕೇಳುವ ಗಿರಾಕಿಗಳೂ ಇದ್ದಾರೆ.

ಆದರೆ ನೋಡಿ, ಶ್ರಾವಣ ಬಂತು ಅಂದರೆ ನನ್ನ ವ್ಯಾಪಾರ ಅರ್ಧಕ್ಕೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ತಿಂಗಳಿಡೀ ಮೀನು, ಮಾಂಸ ಮುಟ್ಟುವುದಿಲ್ಲ. ಶರಣಬಸವೇಶ್ವರ ಗುಡಿಗೆ ನಡೆದುಕೊಂಡು ಹೋಗುವವರು ಎಷ್ಟು ಜನ! ಆ ಒಂದು ತಿಂಗಳು ಯಾರೂ ಹೇಳದೆ, ಕೇಳದೆ ಮೀನಿಗೆ ರಜೆ. ಅದನ್ನೇ ಹಿಂದಕ್ಕೆ ಸ್ವಲ್ಪ ಎಳೆದರೆ ಸಾಕಲ್ವಾ? ಮಿರಗದ ದಿನ ರೋಹು, ಕಾಟ್ಲಾ ತಿನ್ನಲಿ. ಕೊರವ ಮಾತ್ರ ಆವತ್ತಿನಿಂದ ಶ್ರಾವಣ ಮುಗಿಯುವವರೆಗೆ ಬಿಡಲಿ. ನಾನು ಆ ದಿನಗಳಲ್ಲಿ ಖಣಿ ಹೊಂಡದ ಕೊರವ ಕೊಳ್ಳುವುದಿಲ್ಲ ಅಂತ ಹೇಳಲು ತಯಾರು. ನನ್ನ ಪಕ್ಕದ ಇಬ್ಬರಿಗೂ ಹೇಳುತ್ತೇನೆ.

ಕಾಗಿಣಾ ದಂಡೆ

ಅಕ್ಕಾರೆ, ನೀವು ಬರೆದದ್ದು ಓದಿ ನಿಜವಾಗಿ ಸಂತೋಷವಾಯಿತು. ನಾನು ಲೈಸೆನ್ಸು, ದಂಡ, ಕಾವಲುಗಾರ ಅಂತ ಯೋಚನೆ ಮಾಡುತ್ತಿದ್ದೆ. ಮಿರಗದಿಂದ ಶ್ರಾವಣ ಅಂದರೆ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಲೆಂಡರ್ ಬೇಡ, ಆದೇಶ ಬೇಡ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಿಗೆ ಇಳಿಯುವಂತಿಲ್ಲ. ನಮ್ಮದೂ ಹೆಚ್ಚುಕಮ್ಮಿ ಅದೇ ಕಾಲ. ನೀರಗಂಟಿ ಸರ್, ಇಷ್ಟು ದಿನ ಸಾಕಾಗುತ್ತದಾ?

ನೀರಗಂಟಿ

ಸಾಕು ಅನ್ನಬಹುದು. ಕೊರವ ಬೇರೆ ಕಾಲದಲ್ಲೂ ಮರಿ ಮಾಡುತ್ತದೆ, ಆದರೆ ದೊಡ್ಡ ಪಾಲು ಮಳೆ ಹಿಡಿದ ಮೇಲೆಯೇ. ಅಧಿಕ ಮಾಸ ಬಂದ ವರ್ಷ ಶ್ರಾವಣ ತಡವಾಗುತ್ತದೆ, ಆಗ ಬಿಡುವು ಇನ್ನೂ ಉದ್ದ. ಒಳ್ಳೆಯದೇ. ಬೇರೆ ತಿಂಗಳಲ್ಲಿ ಕೆಂಪು ಮರಿ ಕಂಡರೂ ಆ ಜೋಡಿಯನ್ನು ಮುಟ್ಟಬಾರದು, ಇದನ್ನು ಸೇರಿಸಿ. ಮತ್ತೆ ಒಂದು ಅಡಿಗಿಂತ ಚಿಕ್ಕ ಕೊರವ ಯಾವಾಗಲೂ ವಾಪಸು. ಒಮ್ಮೆಯಾದರೂ ಮರಿ ಮಾಡುವಷ್ಟು ಬೆಳೆಯಲಿ.

ಮಾಂಜ್ರಾ ಮಗ, ಬೀದರ್

ನಮ್ಮ ಕಡೆಯ ಅನುಭವ ಹೇಳುತ್ತೇನೆ. ಕಾರಂಜಾ ಜಲಾಶಯ ದೊಡ್ಡದು, ಒಂದು ದಂಡೆ ಬರಿದಾದರೂ ಇನ್ನೊಂದು ದಂಡೆ ಇರುತ್ತದೆ. ಸಣ್ಣ ಹೊಂಡಕ್ಕೆ ಆ ಅನುಕೂಲ ಇಲ್ಲ. ನಮ್ಮೂರ ಹತ್ತಿರ ಒಂದು ಜಾಗ ಇತ್ತು, ಕೆಟ್ಟ ದಾರಿ, ಮಳೆಗಾಲದಲ್ಲಿ ಕಾಲು ಹೂತು ಹೋಗುವ ಕಪ್ಪು ಮಣ್ಣು. ಅದೇ ಅದಕ್ಕೆ ಬೇಲಿ. ಹೊಲಕ್ಕೆ ಅಂತ ಮೊರಂ ಹಾಕಿ ದಾರಿ ಮಾಡಿದರು. ಒಂದೇ ವರ್ಷದಲ್ಲಿ ಹೊಂಡ ಬರಿದು.

ದಾರಿ ಬೇಡ ಅಂತ ರೈತರಿಗೆ ಹೇಳಲಾಗುವುದಿಲ್ಲ. ಆದರೆ ಹೊಂಡದ ಬಾಯಿಗೆ ನಾಲ್ಕು ದೊಡ್ಡ ಕಲ್ಲು ಅಡ್ಡ ಇಟ್ಟು ಬೈಕು ಇಳಿಯದ ಹಾಗೆ ಮಾಡಬಹುದು. ನಿಮ್ಮಲ್ಲಿ ಕಲ್ಲಿಗೇನು ಬರ? ನಡೆದು ಬರುವವನಿಗೆ ತೊಂದರೆ ಇಲ್ಲ. ಐಸ್ ಡಬ್ಬಿ ಹೊತ್ತು ಬರುವವನು ಎರಡು ಸಲ ಯೋಚನೆ ಮಾಡುತ್ತಾನೆ. ಮತ್ತೆ ವಿಡಿಯೋದಲ್ಲಿ ಜಾಗದ ಹೆಸರು ಹಾಕುವುದನ್ನು ದಯವಿಟ್ಟು ಎಲ್ಲರೂ ನಿಲ್ಲಿಸಿ. ಮೀನು ತೋರಿಸಿ, ಹೊಂಡ ತೋರಿಸಬೇಡಿ.

ಸುರಪುರದ ಹಕ್ಕಿ, ಯಾದಗಿರಿ

ನಾನು ಹಕ್ಕಿ ನೋಡುವವನು, ಬೋನಾಳ ಕೆರೆಗೆ ಹೋಗುತ್ತಿರುತ್ತೇನೆ. ಅದು ಪಕ್ಷಿಧಾಮ. ಅಲ್ಲಿನ ಜೊಂಡು ನೋಡಿದರೆ ನೀರಗಂಟಿ ಅವರ ಮಾತು ಅರ್ಥವಾಗುತ್ತದೆ. ಜೊಂಡು ಇರುವಲ್ಲಿ ಕಪ್ಪೆ, ಏರೋಪ್ಲೇನ್ ಚಿಟ್ಟೆ, ಸಣ್ಣ ಮೀನು, ಅವುಗಳ ಹಿಂದೆ ಕೊಕ್ಕರೆ. ಖಣಿ ಹೊಂಡದ ಜೊಂಡನ್ನು "ಗಲೀಜು" ಅಂತ ಕಿತ್ತು ಸ್ವಚ್ಛ ಮಾಡುವವರಿದ್ದಾರೆ. ಶ್ರಮದಾನ ಮಾಡುವ ಹುಡುಗರಿಗೆ ಇದನ್ನು ಹೇಳಿ. ಪ್ಲಾಸ್ಟಿಕ್ ತೆಗೆಯಿರಿ, ತುಂಡಾದ ನೈಲಾನ್ ದಾರ ತೆಗೆಯಿರಿ, ಜೊಂಡು ಬಿಡಿ. ಆ ದಾರ ಕಾಲಿಗೆ ಸುತ್ತಿಕೊಂಡು ಹಕ್ಕಿಗಳು ಸಾಯುತ್ತವೆ.

ಖಣಿ ಹುಡುಗ, ವಾಡಿ

ಎಲ್ಲಾ ಸರಿ, ಆದರೆ ಮದ್ದು ಹಾಕುವವರಿಗೆ ಏನು ಮಾಡುತ್ತೀರಿ? ನಮ್ಮ ಕಡೆ ಕಲ್ಲು ಸಿಡಿಸುವ ಮದ್ದು ಹೇಗೋ ಕೈಗೆ ಸಿಗುತ್ತದೆ. ಒಂದು ತುಂಡು ನೀರಿಗೆ ಬಿದ್ದರೆ ಹೊಂಡದಲ್ಲಿರುವ ಎಲ್ಲವೂ ಸತ್ತವು. ತೇಲುವುದು ಸ್ವಲ್ಪ, ತಳಕ್ಕೆ ಹೋಗಿ ಕೊಳೆಯುವುದೇ ಜಾಸ್ತಿ. ಮರಿ, ಮೊಟ್ಟೆ, ಕಪ್ಪೆ ಏನೂ ಉಳಿಯಲ್ಲ. ಕೈ ಕಳಕೊಂಡವರನ್ನು ನಾನೇ ನೋಡಿದ್ದೇನೆ. ಹತ್ತು ವರ್ಷ ನಿಯಮ ಪಾಲಿಸಿದ್ದು ಒಂದೇ ನಿಮಿಷದಲ್ಲಿ ಹೋಗುತ್ತದೆ.

ನೀರಗಂಟಿ

ಇದರಲ್ಲಿ ರಾಜಿಯೇ ಇಲ್ಲ. ನೀರಿಗೆ ಸಿಡಿಮದ್ದು ಹಾಕಿ ಮೀನು ಕೊಲ್ಲುವುದು, ವಿಷ ಬೆರೆಸುವುದು ಎರಡೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ನಮ್ಮ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಮದ್ದು ಕಂಡರೆ ನೀವು ಎದುರು ಹೋಗಬೇಡಿ. ಗಾಡಿ ನಂಬರ್ ಬರೆದುಕೊಂಡು 112ಕ್ಕೆ ಫೋನ್ ಮಾಡಿ. ಕರೆಂಟ್ ಹಾಕುವವರ ವಿಷಯದಲ್ಲೂ ಅಷ್ಟೇ. ಒದ್ದೆ ಕಲ್ಲಿನ ಮೇಲೆ ನಿಂತು ತಂತಿ ಇಳಿಸುವವನು ಮೀನಿಗಿಂತ ಮೊದಲು ತಾನೇ ಹೋಗಬಹುದು.

ಸೇಡಂ ಮಾಸ್ತರ

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಖಣಿ ಹೊಂಡದಲ್ಲಿ ಒಂದು ಹೆಜ್ಜೆ ಮೊಣಕಾಲು, ಇನ್ನೊಂದು ಹೆಜ್ಜೆ ಎರಡಾಳು. ಈಜಲು ಹೋಗಿ, ಮೀನಿಗೆ ಹೋಗಿ ಮುಳುಗಿದ ಸುದ್ದಿ ಪ್ರತಿ ಬೇಸಿಗೆ ಓದುತ್ತೇವೆ. ಹೇಗಿದ್ದರೂ ಬೋರ್ಡು ಹಾಕುವುದಾದರೆ ಆಳದ ಎಚ್ಚರಿಕೆಯನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಜಾಗ ಯಾರದ್ದು ಅಂತಲೂ ಮೊದಲು ನೋಡಿ. ಪಟ್ಟಾ ಜಮೀನಾದರೆ ಮಾಲೀಕರ ಒಪ್ಪಿಗೆ, ಇಲ್ಲದಿದ್ದರೆ ಗ್ರಾಮ ಪಂಚಾಯಿತಿ. ಗ್ರಾಮಸಭೆಯಲ್ಲಿ ಠರಾವು ಆದರೆ ಹೊರಗಿನವರು ಬಂದಾಗ ಊರಿನವರಿಗೆ ಕೇಳುವ ಧೈರ್ಯ ಬರುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಕೆಂಪು ಮರಿಯ ಚಿತ್ರ ತೋರಿಸಿ ಪಾಠ ಮಾಡಲು ನಾನು ತಯಾರು. ಅವರು ಮನೆಗೆ ಹೋಗಿ ಅಪ್ಪಂದಿರಿಗೆ ಹೇಳುತ್ತಾರೆ.

ಬಲೆ ಮನೆತನ

ಇಷ್ಟೊತ್ತು ಎಲ್ಲರದ್ದೂ ಓದಿದೆ. ಮಿರಗದಿಂದ ಶ್ರಾವಣದವರೆಗೆ ಕೊರವ ಬಿಡುವುದಕ್ಕೆ ನಮ್ಮ ಕಡೆಯಿಂದ ಒಪ್ಪಿಗೆ ಕೊಡಿಸುತ್ತೇನೆ. ಆದರೆ ಮೂರು ಮಾತು. ಆ ದಿನಗಳಲ್ಲೂ ಜಿಲೇಬಿ, ರೋಹು ಹಿಡಿಯಲು ಮನೆಮಂದಿಗೆ ತಡೆ ಇರಬಾರದು. ದಾರದ ಗಾಳಕ್ಕೆ ಯಾವತ್ತೂ ಶುಲ್ಕ ಬೇಡ. ಮತ್ತೆ, ಹೊಂಡ ನೋಡಿಕೊಳ್ಳುವ ಕೆಲಸಕ್ಕೆ ಏನಾದರೂ ಕೂಲಿ ಬಂದರೆ ಅದು ಊರಿನ ಮೀನುಗಾರ ಮನೆಯವರಿಗೇ ಸಿಗಬೇಕು. ನೀರಿನಲ್ಲಿ ಏನು ನಡೆಯುತ್ತಿದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಾತ್ರಿ ಬಲೆ ಕಟ್ಟುವ ನಮ್ಮವರಿಗೆ ನಾನೇ ಹೇಳುತ್ತೇನೆ. ಹೊರಗಿನವರಿಗೆ ನೀವು ಹೇಳಿ.

ಭಾನುವಾರದ ಗಾಳ

ಕಾಕಾ, ಮೂರಕ್ಕೂ ಒಪ್ಪಿಗೆ. ನಮ್ಮ ರಾಡ್ ಗುಂಪಿನಲ್ಲಿ ಈಗಲೇ ಹಾಕುತ್ತೇನೆ. ಹೊರಗಿನಿಂದ ಬರುವ ನಮ್ಮಂಥವರು ಕೊರವ ಒಯ್ಯುವುದೇ ಬೇಡ, ವರ್ಷವಿಡೀ. ಊರಿನವರು ತಿನ್ನಲು ಒಯ್ಯಲಿ. ಬಲಿತ ರೋಹು ಮರಿ ಬಿಡಲು ಹಣ ಕೂಡಿಸುವ ಕೆಲಸ ನಮ್ಮದು.

ಕಾಗಿಣಾ ದಂಡೆ

ಬೋರ್ಡಿಗೆ ಹೀಗೆ ಬರೆದಿದ್ದೇನೆ, ತಿದ್ದುಪಡಿ ಇದ್ದರೆ ಹೇಳಿ.

"ಎಚ್ಚರ, ಈ ಹೊಂಡ ಬಹಳ ಆಳವಿದೆ. ಮಕ್ಕಳು ನೀರಿಗೆ ಇಳಿಯಬಾರದು. ಮಿರಗದಿಂದ ಶ್ರಾವಣ ಮುಗಿಯುವವರೆಗೆ ಕೊರವ ಹಿಡಿಯಬೇಡಿ. ಕೆಂಪು ಮರಿ ಕಂಡರೆ ಯಾವ ತಿಂಗಳಾದರೂ ಅಲ್ಲಿ ಗಾಳ ಹಾಕಬೇಡಿ. ಒಂದು ಅಡಿಗಿಂತ ಚಿಕ್ಕ ಕೊರವ ನೀರಿಗೆ ಬಿಡಿ. ರಾತ್ರಿ ಬಲೆ, ಕರೆಂಟ್, ಮದ್ದು ಇಲ್ಲ. ಜೊಂಡು ಕೀಳಬೇಡಿ."

ಒಂದು ಅಡಿ ಎಷ್ಟು ಅಂತ ಬೋರ್ಡಿನ ಕೆಳ ಅಂಚಿನಲ್ಲೇ ಗೆರೆ ಹಾಕಿಸುತ್ತೇನೆ. ಮೀನು ಹಿಡಿದುಕೊಂಡು ಅಳೆಯಬಹುದು. ಬೈಕಿಗೆ ಅಡ್ಡ ಇಡುವ ಕಲ್ಲಿಗೆ ಜಮೀನಿನ ಮಾಲೀಕರು ಹೂಂ ಅಂದಿದ್ದಾರೆ. ಜೊಂಡಿನ ಮೂಲೆ ಬಿಟ್ಟು ಎದುರು ದಂಡೆಗೆ ಕಾಲುದಾರಿ ಮಾಡಿಕೊಡಬೇಕು ಅಂತ ಅವರೇ ಹೇಳಿದರು. ಹಾಗೆ ಮಾಡಿದರೆ ಗಾಳ ಹಾಕುವವರು ಆ ಕಡೆ ಹೋಗುತ್ತಾರೆ.

ಮೀನು ಮಾರೋ ಅಕ್ಕ

ಬೋರ್ಡು ಕನ್ನಡದ ಜೊತೆ ಉರ್ದು, ತೆಲುಗಿನಲ್ಲೂ ಬರೆಸಿ. ಬರುವ ವ್ಯಾಪಾರಿಗಳು ಓದಬೇಕಲ್ಲ. ಮತ್ತೆ ಕೊರವದ ಚಿತ್ರ ಇರಲಿ, ಓದು ಬಾರದವರಿಗೂ ತಿಳಿಯುತ್ತದೆ.

ಸೇಡಂ ಮಾಸ್ತರ

ಚಿತ್ರ ನಮ್ಮ ಡ್ರಾಯಿಂಗ್ ಮಾಸ್ತರರಿಂದ ಬರೆ‌ಸಿ ಕಳಿಸುತ್ತೇನೆ. ಉರ್ದು ಬರೆಯಲು ಶಾಲೆಯಲ್ಲೇ ಒಬ್ಬರಿದ್ದಾರೆ. ತೆಲುಗು ಯಾರಾದರೂ ಗಡಿ ಕಡೆಯವರು ಬರೆದುಕೊಡಿ.

ಖಣಿ ಹುಡುಗ

ತೆಲುಗು ನಾನು ಬರೆಯುತ್ತೇನೆ ಸರ್. ನಮ್ಮ ಹೊಂಡಕ್ಕೂ ಒಂದು ಬೋರ್ಡು ಬೇಕು, ಒಟ್ಟಿಗೆ ಮಾಡಿಸಿದರೆ ಖರ್ಚು ಕಡಿಮೆ ಆಗುತ್ತದೆ.